ಮುಚ್ಚಿದ ಬಾಗಿಲಿನಾಚೆ ಇರುವ ನಮ್ಮವರು

(ಶತಮಾನೋತ್ಸವದ ಸಮಾರೋಪ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ನಿಮಿತ್ತ ನಾವು ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದೆವು. ಕೆಲವು ಹೆಸರುಗಳ ಬಳಿ ನಮ್ಮ ಬೆರಳು ತಡೆದು ನಿಂತಿತು. ಅವರು ಮೃತರಾಗಿಲ್ಲ, ಊರು ಬಿಟ್ಟೂ ಹೋಗಿಲ್ಲ. ಆದರೂ ಅವರನ್ನು ದೇವಾಲಯದಲ್ಲಿ ಕಂಡು ವರ್ಷಗಳಾದವು. ಮನೋರೋಗದಿಂದಲೋ ಅಂಗವೈಕಲ್ಯದಿಂದಲೋ ಅವರು ಮನೆಯ ಒಳಕೋಣೆಯಲ್ಲೇ ಉಳಿದಿದ್ದಾರೆ. ನೂರು ವರ್ಷಗಳ ಸಂಭ್ರಮದಲ್ಲಿ ಇವರನ್ನು ಮರೆತರೆ ನಮ್ಮ ಲೆಕ್ಕವೇ ತಪ್ಪಿದಂತೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು. ಹಿಂದೆ ಬೇರೊಂದು ವಿಚಾರಣೆಯಲ್ಲಿದ್ದಾಗ ತಾಯಿಯೊಬ್ಬರು ಬಂದು, ಮಗ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಾನೆ, ರಾತ್ರಿ ನಿದ್ರಿಸುವುದಿಲ್ಲ ಎಂದು ಅತ್ತರು. ನಾವು ಪವಿತ್ರ ಜಲ ಕೊಟ್ಟು, ನವೇನ ಮಾಡಲು ಹೇಳಿ ಕಳುಹಿಸಿದೆವು, ವೈದ್ಯರ ಮಾತೆತ್ತಲಿಲ್ಲ. ಆರು ವರ್ಷಗಳ ತರುವಾಯ ಆ ಯುವಕನಿಗೆ ಚಿಕಿತ್ಸೆ ದೊರೆತು ಆತ ಚೇತರಿಸಿಕೊಂಡನು. “ಸ್ವಾಮಿ, ಅಂದೇ ಏಕೆ ಹೇಳಲಿಲ್ಲ?” ಎಂದು ಆ ತಾಯಿ ಎಂದೂ ಕೇಳಲಿಲ್ಲ. ಅವರು ಕೇಳದೆ ಉಳಿದುದೇ ನಮಗೆ ಇಂದಿಗೂ ಭಾರವಾಗಿದೆ. ಪ್ರಾರ್ಥನೆ ಬೇಡವೆಂದಲ್ಲ, ಪ್ರಾರ್ಥನೆ ಔಷಧಿಗೆ ಅಡ್ಡ ಬರಬಾರದು.

ಬೆಲ್ಜಿಯಂ ದೇಶದ ಗೀಲ್ ಪಟ್ಟಣದಲ್ಲಿ, ಮನೋರೋಗಿಗಳ ಪಾಲಕಿಯಾದ ಸಂತ ಡಿಂಫ್ನಾರ ದೇವಾಲಯಕ್ಕೆ ಮಧ್ಯಯುಗದಿಂದಲೂ ರೋಗಿಗಳನ್ನು ಕರೆತರುತ್ತಿದ್ದರು. ಅಲ್ಲಿ ಸ್ಥಳ ಸಾಲದಾದಾಗ ಊರಿನ ಜನರೇ ಅವರನ್ನು ತಮ್ಮ ಮನೆಗಳಲ್ಲಿರಿಸಿಕೊಂಡರು. ಆ ಪದ್ಧತಿ, ವೈದ್ಯರ ನೆರವಿನೊಡನೆ, ಇಂದಿಗೂ ನಡೆದುಬಂದಿದೆ.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೆಯ ಸಮೀಪದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಮನೋರೋಗವೂ ಅವುಗಳಲ್ಲೊಂದು. ಮನೋರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಆದರೆ ಕಾಯಿದೆಯು ತಾನಾಗಿ ಬಂದು ಮನೆಯ ಬಾಗಿಲು ತಟ್ಟದು. ತಟ್ಟಬೇಕಾದವರು ನೆರೆಹೊರೆಯವರು. ಆದುದರಿಂದ ಪಾಲನಾ ಮಂಡಳಿಯ ಮುಂದೆ ಈ ಯೋಜನೆಯನ್ನಿಡುತ್ತೇವೆ.

ಮೊದಲನೆಯದಾಗಿ, ಪ್ರತಿ ವಾರ್ಡಿನಲ್ಲಿ ಇಬ್ಬರು ಮನೆ ಮನೆಗೆ ಹೋಗಿ, ಕುಟುಂಬದವರ ಒಪ್ಪಿಗೆ ಪಡೆದು, ಯಾರಿಗೆ ಏನು ಬೇಕೆಂದು ಅರಿಯಲಿ. ಅಲ್ಲಿ ಕೇಳಿದುದು ಅಲ್ಲಿಯೇ ಉಳಿಯಲಿ. ಅದು ಚಹಾದಂಗಡಿಯ ಮಾತಾಗಕೂಡದು. ಎರಡನೆಯದಾಗಿ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಾಹನವೂ ಜೊತೆಗೊಬ್ಬರೂ ಸಿದ್ಧರಿರಲಿ. ಗುಣವಾಯಿತೆಂದು ಮಾತ್ರೆ ತಾವೇ ನಿಲ್ಲಿಸಿದವರು ಮರಳಿ ಕಾಯಿಲೆ ಬೀಳುವುದುಂಟು, ಅವರನ್ನು ವಿಚಾರಿಸುತ್ತಿರಬೇಕು. ಮೂರನೆಯದಾಗಿ, ವಾರಕ್ಕೊಂದು ಮಧ್ಯಾಹ್ನ ನಮ್ಮ ಸಭಾಭವನ ಇವರಿಗಾಗಿ ತೆರೆದಿರಲಿ. ಆರೈಕೆ ಮಾಡುವ ತಾಯಂದಿರಿಗೆ ಅಷ್ಟು ಹೊತ್ತಾದರೂ ಬಿಡುವು ಸಿಗಲಿ. ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತೆ ಇಳಿಜಾರು ದಾರಿಯಾಗಲಿ. ನಾಲ್ಕನೆಯದಾಗಿ, ಅಂಗವಿಕಲರ ಗುರುತಿನ ಚೀಟಿ ಮತ್ತು ಮಾಸಾಶನಕ್ಕಾಗಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣೋಣ. ಗ್ರಾಮಸಭೆಯಲ್ಲಿ ಎಲ್ಲ ಮತದವರೊಡನೆ ಕೂಡಿ ಕೇಳೋಣ, ಏಕೆಂದರೆ ರೋಗಕ್ಕೆ ಜಾತಿಮತವಿಲ್ಲ. ಮಾತನಾಡಲು ಯಾರೂ ಇಲ್ಲವೆನಿಸಿದ ಹೊತ್ತಿನಲ್ಲಿ 14416 ಸಂಖ್ಯೆಗೆ ಕರೆ ಮಾಡಿದರೆ 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆ ಉಚಿತವಾಗಿ ದೊರೆಯುತ್ತದೆ.

ಪೂರ್ವಿಕರು ಕಲ್ಲು ಹೊತ್ತು ಈ ದೇವಾಲಯ ಕಟ್ಟಿದರು. ಎರಡನೆಯ ಶತಮಾನದಲ್ಲಿ ನಾವು ಪರಸ್ಪರರ ಭಾರವನ್ನು ಹೊರೋಣ. ಮುಂದಿನ ಹಬ್ಬದಂದು ಆ ಹೆಸರುಗಳವರಲ್ಲಿ ಒಬ್ಬರಾದರೂ ನಮ್ಮ ಮಧ್ಯೆ ಬಂದು ಕುಳಿತರೆ, ಈ ಉತ್ಸವ ಸಾರ್ಥಕವಾದೀತು.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.