ಎದುರು ಮೇಳ ಬೇಕು
(ಬಾನುಲಿ ಭಾಷಣ)

ಹಾಡಿನಿಂದ ಜಗಳ ನಿಲ್ಲುತ್ತದೆಯೆ? ಸಭೆ-ಸಮಾರಂಭಗಳಲ್ಲಿ ಸಂಗೀತವನ್ನು ಶಾಂತಿದೂತನೆಂದು ಹೊಗಳುವುದು ವಾಡಿಕೆ. ಆದರೆ ಲೋಕದ ಅನುಭವ ಅಷ್ಟು ಸರಳವಲ್ಲ. ದಂಡು ಯುದ್ಧಕ್ಕೆ ಹೊರಡುವಾಗಲೂ ಹಾಡುತ್ತದೆ. ಮಸೀದಿಯ ಮುಂದೆ ವಾದ್ಯ ಬಾರಿಸುವ ವಿಷಯವಾಗಿಯೇ ನಮ್ಮ ದೇಶದಲ್ಲಿ ಎಷ್ಟೋ ಗಲಭೆಗಳಾಗಿವೆ. ಆದುದರಿಂದ ಹಾಡು ತಾನಾಗಿಯೇ ಸೌಹಾರ್ದವನ್ನು ತರುತ್ತದೆಂದು ನಾನು ಹೇಳಲಾರೆ. ಅದನ್ನು ಯಾರು, ಯಾರೊಡನೆ, ಯಾರ ಅಂಗಳದಲ್ಲಿ ಹಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಮಾತನ್ನು ದೂರದ ಐರ್ಲೆಂಡಿನ ಒಂದು ನಿದರ್ಶನದಿಂದಲೂ, ನಮ್ಮ ಮಸಗುಪ್ಪಿಯ ಸುತ್ತಿನ ಸೀಮೆಯ ಎರಡು ಹಾಡಿನ ಪದ್ಧತಿಗಳಿಂದಲೂ ವಿವರಿಸಲು ಯತ್ನಿಸುತ್ತೇನೆ.

ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡುವೆ 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ನಡೆದ ಹಿಂಸಾಚಾರದಲ್ಲಿ ಸುಮಾರು 3,500 ಜನ ಸತ್ತರು. ಅಲ್ಲಿ ವಾದ್ಯಗಳಿಗೂ ಪಕ್ಷವಿತ್ತು. ಲ್ಯಾಂಬೆಗ್ ಎಂಬುದು ಬೆತ್ತದಿಂದ ಬಾರಿಸುವ ಭಾರಿ ನಗಾರಿ. ಪ್ರೊಟೆಸ್ಟೆಂಟರ ಮೆರವಣಿಗೆಗಳಲ್ಲಿ ಅದರ ಮೊಳಗು ಕೇಳಿದರೆ ಕ್ಯಾಥೊಲಿಕರ ಓಣಿಗೆ ಅದು ಬೆದರಿಕೆಯಾಗಿಯೇ ಕೇಳುತ್ತಿತ್ತು. ಬೌರಾನ್ ಎಂಬುದು ಕೈಯಲ್ಲಿ ಹಿಡಿದು ನುಡಿಸುವ, ನಮ್ಮ ದಪ್ಪಿನಂಥ ವಾದ್ಯ. ಅದು ಆಚೆಯವರದೆಂದು ಎಣಿಕೆ. ಎರಡಕ್ಕೂ ಹೊದಿಸಿದ್ದು ಮಾತ್ರ ಮೇಕೆಯ ತೊಗಲೇ! 1990ರ ದಶಕದಲ್ಲಿ ‘ಡಿಫರೆಂಟ್ ಡ್ರಮ್ಸ್’ ಎಂಬ ಮೇಳದವರು ಈ ಎರಡನ್ನೂ ಒಂದೇ ವೇದಿಕೆಯ ಮೇಲೆ ತಂದು ಜತೆಯಾಗಿ ನುಡಿಸಿದರು. 1998ರ ಏಪ್ರಿಲ್ 10ರಂದು ಆದ ಶಾಂತಿ ಒಪ್ಪಂದವನ್ನು ಮಾಡಿದವರು ರಾಜಕಾರಣಿಗಳು, ವಾದ್ಯಗಾರರಲ್ಲ, ನಿಜ. ಆದರೆ ಹೆದರಿಸುವ ಸದ್ದನ್ನು ಕೂತು ಕೇಳುವ ಸದ್ದಾಗಿ ಮಾಡುವ ಕೆಲಸ ಒಪ್ಪಂದದ ಕಾಗದದಿಂದ ಆಗುವಂಥದಲ್ಲ.

ಅಲ್ಲಿ ಹೀಗೆ ಪ್ರಯತ್ನಪಟ್ಟು ಕಟ್ಟಬೇಕಾದ ಏರ್ಪಾಟು ನಮ್ಮಲ್ಲಿ ಹಾಡಿನೊಳಗೇ ಇತ್ತು. ಮಸಗುಪ್ಪಿ ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಘಟಪ್ರಭೆಯ ಸೀಮೆಯ ಊರು. ಪಾರಿಜಾತದ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನೂ ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನೂ ಈ ಸೀಮೆಯವರೇ. ಇಲ್ಲಿನ ಜಾತ್ರೆಗಳಲ್ಲಿ ಗೀಗೀ ಮೇಳಗಳು ಎದುರುಬದರಾಗಿ ನಿಲ್ಲುತ್ತವೆ. ದಪ್ಪು, ತುಂತುಣಿ, ತಾಳ ಇಷ್ಟೇ ಅವರ ಸಾಮಗ್ರಿ. ಹರದೇಶಿಯವರು ಶಿವನನ್ನು, ಅಂದರೆ ಪುರುಷನನ್ನು ಎತ್ತಿ ಹಿಡಿಯುತ್ತಾರೆ. ನಾಗೇಶಿಯವರು ಶಕ್ತಿಯನ್ನು, ಅಂದರೆ ಹೆಣ್ಣನ್ನು. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು. ಮಾತು ಎಷ್ಟು ಖಾರವಾದರೂ ಕೇಳುವವರು ಬೇಸರಪಡುವುದಿಲ್ಲ. ಇನ್ನಷ್ಟು ಖಾರವಾಗಲಿ ಎನ್ನುತ್ತಾರೆ.

ಈ ಜಗಳದ ಸ್ವಾರಸ್ಯವನ್ನು ನಾವು ಗಮನಿಸಬೇಕು. ಇಲ್ಲಿ ಎದುರಾಳಿ ಬಾಯಿ ಮುಚ್ಚಿದರೆ ಗೆದ್ದವನ ಹಾಡೂ ಅಲ್ಲಿಗೇ ನಿಲ್ಲುತ್ತದೆ. ನನ್ನ ಪದಕ್ಕೆ ಕಸುವು ಬರುವುದು ಎದುರು ಮೇಳದ ಪದದಿಂದ. ಆದುದರಿಂದ ಎದುರಿನವನನ್ನು ಸೋಲಿಸಬೇಕು, ಅವನು ಉಳಿಯಲೂ ಬೇಕು. ಅವನ ಮಟ್ಟನ್ನು ನಾನು ಕಿವಿಗೊಟ್ಟು ಕೇಳದೆ ಉತ್ತರಿಸಲಾರೆ. ರಾತ್ರಿಯೆಲ್ಲ ವಾದಿಸಿ, ಬೆಳಗಾಗುವ ಹೊತ್ತಿಗೆ ಶಿವನಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಶಿವನಿಲ್ಲ ಎಂಬಲ್ಲಿಗೆ ಬಂದು ಮಂಗಳ ಹಾಡುತ್ತಾರೆ. ಇದಕ್ಕೆ ಹತ್ತಿರದ್ದಾದ ಕಲ್ಗಿ-ತುರಾಯಿ ಪಂಥ ಮರಾಠಿ ನಾಡಿನಲ್ಲಿಯೂ ಮಾಳವದಲ್ಲಿಯೂ ಇದೆ. ಅದರ ಮೂಲಪುರುಷರು ತುಕನಗೀರ ಎಂಬ ಗೋಸಾವಿ ಮತ್ತು ಶಹಾಅಲಿ ಎಂಬ ಫಕೀರ ಎಂದು ಐತಿಹ್ಯ. ವಾದ ಹೂಡಿದ ಇವರಿಬ್ಬರಲ್ಲಿ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ.

ಎರಡನೆಯದು ಮೊಹರಮ್ಮಿನ ರಿವಾಯತ ಪದ. ಗೀಗೀ ಮೇಳದಲ್ಲಿ ನಾನು ನನ್ನ ಪಕ್ಷವನ್ನೇ ಹಾಡುತ್ತೇನೆ. ರಿವಾಯತದಲ್ಲಿ ಇನ್ನೊಬ್ಬರ ದುಃಖವನ್ನು ನನ್ನ ಬಾಯಲ್ಲಿ ಹಾಡುತ್ತೇನೆ. ಕ್ರಿ.ಶ. 680ರಲ್ಲಿ ಕರ್ಬಲೆಯ ಮರಳಿನಲ್ಲಿ ಪ್ರವಾದಿಯ ಮೊಮ್ಮಗ ಹುಸೇನರೂ ಅವರ ಕಡೆಯವರೂ ನೀರಿಲ್ಲದೆ ಬಳಲಿ ಮಡಿದರು. ಯುಫ್ರೆಟಿಸ್ ನದಿ ಹತ್ತಿರದಲ್ಲೇ ಹರಿಯುತ್ತಿತ್ತು. ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗನಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯ ದಂಡೆಯಲ್ಲಿ ಕೂಸು ಬಾಯಾರಿ ಸತ್ತಿತೆಂದರೆ ಯಾವ ತಾಯಿಯ ಕರುಳು ಜಾತಿ ಕೇಳೀತು? ಅಸನ-ಉಸೇನರು ನಮ್ಮ ಹಳ್ಳಿಗಳಲ್ಲಿ ಶರಣರಾದರು, ದೇವರಾದರು. ಅಲಾಯಿ ಕುಣಿಯ ಸುತ್ತ ಗೆಜ್ಜೆ ಕಟ್ಟಿ ಹೆಜ್ಜೆ ಹಾಕುವವರಲ್ಲಿ ಲಿಂಗಾಯತರು, ಕುರುಬರು, ಬೇಡರು, ಮುಸಲ್ಮಾನರು ಎಲ್ಲರೂ ಇರುತ್ತಾರೆ. ಹರಕೆ ಹೊತ್ತು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನಾಗುವವನ ಹೆಸರು ಬಸಪ್ಪನೆಂದಿದ್ದರೆ ಯಾರಿಗೂ ಆಶ್ಚರ್ಯವಿಲ್ಲ. ನಮ್ಮ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆಗಳೇ ಇಲ್ಲದಿದ್ದರೂ ಮೊಹರಂ ತಪ್ಪದೆ ನಡೆಯುತ್ತಿದೆಯೆಂದು 2022ರಲ್ಲಿ ಪತ್ರಿಕೆಗಳು ಬರೆದವು.

ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು (1819–1889) ಇಂಥ ನೆಲದಲ್ಲಿಯೇ ಬೆಳೆದವರು, ಮೊಹರಮ್ಮಿನ ಪದಗಳನ್ನೂ ಕಟ್ಟಿದವರು. ಜನಪದರ ಹಾಡನ್ನು ಕಾಗದಕ್ಕೆ ಇಳಿಸಿದವರೂ ಕೂಡಿಯೇ ದುಡಿದರು. 1931ರಲ್ಲಿ ಬಂದ ‘ಗರತಿಯ ಹಾಡು’ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಎಂಬ ಹಲಸಂಗಿಯ ಗೆಳೆಯರ ಕೃತಿ. ಗೋಕಾಕ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರೂ ಹಳ್ಳಿಯ ಹಾಡಿನ ಬೆನ್ನು ಹತ್ತಿದವರೇ. ಇವರೆಲ್ಲರಿಗಿಂತ ಬಹು ಹಿಂದೆ, 1792ರಲ್ಲಿ, ಬೆಲ್‌ಫಾಸ್ಟಿನಲ್ಲಿ ಹಾರ್ಪ್ ಎಂಬ ತಂತಿವಾದ್ಯದ ಹತ್ತು ಮಂದಿ ಐರಿಷ್ ವಾದಕರು ಕೂಡಿದಾಗ, ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣ ಕೂತು ಅವರ ಮಟ್ಟುಗಳನ್ನು ಬರೆದುಕೊಂಡ. ಅವನೊಬ್ಬ ಪ್ರೊಟೆಸ್ಟೆಂಟ್, ಅವನು ಉಳಿಸಿದ್ದು ಬಹುಮಟ್ಟಿಗೆ ಕ್ಯಾಥೊಲಿಕರಾದ ಐರಿಷ್ ಜನರ ಸಂಪತ್ತು. ಹಾಗೆ ಉಳಿದ ಮಟ್ಟುಗಳು ಮುಂದಿನ ಹಿಂಸೆಯನ್ನು ತಡೆಯಲಿಲ್ಲವೆಂಬುದನ್ನೂ ಮರೆಯಬಾರದು. ಕಾಗದದಲ್ಲಿ ಉಳಿದರೆ ಸಾಲದು; ಕೂಡಿ ಹಾಡುವುದು ಉಳಿಯಬೇಕು.

ನನ್ನ ಆತಂಕವೂ ಅದೇ. ‘ಇದು ನಮ್ಮ ಹಬ್ಬವಲ್ಲ’ ಎಂದು ಒಂದು ಕಡೆಯವರೂ, ‘ಕುಣಿತ-ಹಾಡು ಧರ್ಮಕ್ಕೆ ಸಲ್ಲದು’ ಎಂದು ಇನ್ನೊಂದು ಕಡೆಯವರೂ ಹೇಳುವುದು ಈಚೆಗೆ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಎರಡೂ ಮಾತುಗಳ ಫಲ ಒಂದೇ: ಮೇಳದಿಂದ ಒಬ್ಬೊಬ್ಬನೇ ಕಳಚಿಕೊಳ್ಳುತ್ತಾನೆ. ಧ್ವನಿವರ್ಧಕದ ಹಾಡಿಗೆ ಎದುರು ಮೇಳ ಬೇಕಿಲ್ಲ. ಅದು ಯಾರ ಜವಾಬನ್ನೂ ಕಾಯುವುದಿಲ್ಲ. ಹೀಗಾಗಿ ಕೂಡಿ ಹಾಡುತ್ತಿದ್ದ ಓಣಿಗಳು ಒಂದಕ್ಕೊಂದು ಕೇಳಿಸುವಂತೆ ಬೇರೆಬೇರೆ ಕೂಗತೊಡಗುತ್ತವೆ.

ಇದಕ್ಕೆ ಭಾವೈಕ್ಯದ ಉಪನ್ಯಾಸ ಮದ್ದಲ್ಲ. ರಿವಾಯತ ಬಲ್ಲ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಎಲ್ಲ ಓಣಿಗಳ ಹುಡುಗರೂ ಒಟ್ಟಿಗೆ ಅವರ ಮುಂದೆ ಕೂತು ಪದ ಕಲಿಯಬೇಕು. ಶಾಲೆಯ ಗುರುಗಳೂ ಊರ ದೈವದವರೂ ಅದಕ್ಕೆ ಅನುವು ಮಾಡಿಕೊಡಬೇಕು. ಹೀಗೆ ಕಲಿತವರು ಮುಂದೆ ಜಗಳವಾಡುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು. ಆದರೆ ಎದುರಿನವನ ಹಾಡು ತನಗೂ ಬಾಯಿಗೆ ಬರುತ್ತದೆಂಬುದು ಜಗಳದ ನಡುವೆ ನೆನಪಾದರೆ, ಎತ್ತಿದ ಕೈ ಒಂದು ಕ್ಷಣ ತಡೆದೀತು. ಅಷ್ಟಾದರೂ ಹಾಡಿನಿಂದ ಆಗುವ ಉಪಕಾರ ಸಣ್ಣದಲ್ಲ.