ಲೋಕ ಸುತ್ತಿದ ಕಾಫಿ ಬೀಜ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಾಫಿಸೀಮೆಯ ಊರುಗಳಲ್ಲ. ಅಡಿಕೆ, ಭತ್ತ, ಮೆಕ್ಕೆಜೋಳ ಇಲ್ಲಿನ ಬೆಳೆಗಳು. ಆದರೆ ಚನ್ನಗಿರಿ, ಹೊನ್ನಾಳಿಯ ಗದ್ದೆಗಳಿಗೆ ನಾಲೆಯಲ್ಲಿ ಹರಿದು ಬರುವ ಭದ್ರೆಯ ನೀರು ಕಾಫಿ ತೋಟಗಳ ನಡುವಿನಿಂದಲೇ ಇಳಿದು ಬಂದದ್ದು. ಬಾಬಾಬುಡನ್‌ಗಿರಿ ಸಾಲಿನ ಹಳ್ಳಗಳೂ ಅದೇ ನದಿಯನ್ನು ಸೇರುತ್ತವೆ. ಗಿರಿಯ ನೀರು ಬಯಲಿಗೆ ಇಳಿದಷ್ಟು ಸುಲಭವಾಗಿ ಗಿರಿಯ ಕಾಫಿ ಇಳಿಯಲಿಲ್ಲ. ಅದು ಮೊದಲು ಲೋಕ ಸುತ್ತಲು ಹೋಯಿತು.

ಕಾಫಿ ಗಿಡದ ತವರು ಇಥಿಯೋಪಿಯ. ಕೆಂಪು ಹಣ್ಣು ತಿಂದು ಕುಣಿದ ಮೇಕೆಗಳನ್ನು ಕಂಡು ಕಾಯುವವನು ಬೆರಗಾದ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ಸೊಗಸಾದ ಕಥೆ. ಆದರೆ ಯುರೋಪಿನಲ್ಲಿ ಅದು ಅಚ್ಚಾದದ್ದು 1671ರಲ್ಲಿ, ಜನ ಕಾಫಿ ಕುಡಿಯಲು ತೊಡಗಿ ಇನ್ನೂರು ವರ್ಷವಾದ ಮೇಲೆ! ನಂಬಬಹುದಾದ ಸುಳಿವುಗಳು ಸಿಗುವುದು 15ನೆಯ ಶತಮಾನದ ಯೆಮನ್ನಿನಲ್ಲಿ. ಅಲ್ಲಿನ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ದೆ ಅಡ್ಡಬಾರದೆಂದು ಇದನ್ನು ಕುಡಿಯುತ್ತಿದ್ದರು.

ಮಠದಿಂದ ಬೀದಿಗೆ ಬಂದೊಡನೆ ತಕರಾರು ಶುರುವಾಯಿತು. 1511ರಲ್ಲಿ ಮೆಕ್ಕಾದ ಅಧಿಕಾರಿ ಕಾಫಿಯನ್ನು ನಿಷೇಧಿಸಿದ. ನಿಷೇಧ ಬಹುಕಾಲ ನಿಲ್ಲಲಿಲ್ಲ. 1652ರಲ್ಲಿ ಲಂಡನ್ನಿನಲ್ಲಿ ಕಾಫಿ ಅಂಗಡಿ ತೆರೆಯಿತು. 1675ರ ಡಿಸೆಂಬರಿನಲ್ಲಿ ದೊರೆ ಎರಡನೆಯ ಚಾರ್ಲ್ಸ್ ಅಂಥ ಅಂಗಡಿಗಳನ್ನೆಲ್ಲ ಮುಚ್ಚುವಂತೆ ಆಜ್ಞೆ ಹೊರಡಿಸಿ, ಜನರ ಗದ್ದಲಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದ. ದೊರೆಗಳನ್ನು ಹೆದರಿಸಿದ್ದು ಕಾಫಿಯಲ್ಲ, ಅದರ ಸುತ್ತ ಕುಳಿತವರ ಮಾತು.

ಬೀಜದ ಕಥೆ ಇನ್ನೂ ಸ್ವಾರಸ್ಯವಾದುದು. ಬಹುಕಾಲ ಕಾಫಿ ವ್ಯಾಪಾರವೆಲ್ಲ ಯೆಮನ್ನಿನ ಹಿಡಿತದಲ್ಲಿತ್ತು. 17ನೆಯ ಶತಮಾನದಲ್ಲಿ ಹಜ್ ಮುಗಿಸಿ ಮರಳಿದ ಬಾಬಾ ಬುಡನ್ ಏಳು ಬೀಜಗಳನ್ನು ಗುಟ್ಟಾಗಿ ತಂದು ಗಿರಿಯಲ್ಲಿ ಬಿತ್ತಿದರೆಂಬುದು ಜನಜನಿತ ಐತಿಹ್ಯ. ಅದೇ ಶತಮಾನದ ಕೊನೆಗೆ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಜಾವಾದ ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನ ಸೇರಿತು. ಅದರ ಸಂತಾನವೊಂದು 1714ರಲ್ಲಿ ಫ್ರಾನ್ಸಿನ ದೊರೆಗೆ ಕಾಣಿಕೆಯಾಯಿತು. ಈ ವಂಶವೇ ಮುಂದೆ ಅಮೆರಿಕ ಖಂಡಕ್ಕೆ ಹಬ್ಬಿತು. ಅಂದರೆ ಜಗತ್ತಿನ ಕಾಫಿ ಸರಪಳಿಯಲ್ಲಿ ಭಾರತವೂ ಒಂದು ಕೊಂಡಿ. ಆ ಸರಪಳಿಗೆ ಇನ್ನೊಂದು ಅರ್ಥವೂ ಇತ್ತು: ಬ್ರೆಜಿಲ್ಲಿನ ತೋಟಗಳಲ್ಲಿ 1888ರವರೆಗೂ ಗುಲಾಮರು ದುಡಿದರು.

ಇತ್ತ ಮೈಸೂರು ಸೀಮೆಯಲ್ಲಿ 19ನೆಯ ಶತಮಾನದಲ್ಲಿ ಬ್ರಿಟಿಷರ ತೋಟಗಳು ಎದ್ದವು. ಎಲೆಗೆ ತುಕ್ಕುರೋಗ ಬಂತು, ಕಾಂಡಕೊರಕ ಬಂತು. ಇವುಗಳಿಗೆ ಮದ್ದು ಹುಡುಕಲೆಂದೇ 1925ರಲ್ಲಿ ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಬೆಳೆಯ ಬಹುಪಾಲು ಮಾತ್ರ ಹಡಗು ಹತ್ತುತ್ತಿತ್ತು. 1930ರ ದಶಕದಲ್ಲಿ ಜಗತ್ತಿನ ಬೆಲೆ ಕುಸಿದಾಗ ಬೆಳೆಗಾರರಿಗೆ ಮನೆಯವರ ನೆನಪಾಯಿತು ಎನ್ನಬೇಕು. 1935ರಲ್ಲಿ ಕಾಫಿ ಸೆಸ್ ಸಮಿತಿ ಹುಟ್ಟಿತು. ಮರುವರ್ಷ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಮಂಡಳಿ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಪದ್ಧತಿ ಬಂತು. 1996ರಲ್ಲಿ ಅದೂ ಕೊನೆಗೊಂಡಿತು.

ಆ ಹೊತ್ತಿಗಾಗಲೇ ಪೇಟೆಯ ಮನೆಗಳಲ್ಲಿ ಫಿಲ್ಟರ್ ಕಾಫಿ ನೆಲೆಯೂರಿತ್ತು. ಹಳ್ಳಿಯ ಮನೆಗಳಲ್ಲಿ ಬಂದವರಿಗೆ ಮಜ್ಜಿಗೆಯೋ ಬೆಲ್ಲದ ನೀರೋ ಸಿಗುತ್ತಿತ್ತು. ಕಾಫಿ ಬಂದಾಗಲೂ ಹಲವು ಕಡೆ ಬೆಲ್ಲದ ಕಾಫಿಯಾಗಿಯೇ ಬಂತು. ಚಿಕೋರಿ ಬೆರೆತ ಪುಡಿ ಅಗ್ಗವೆಂದು ಬಂದು ರುಚಿಯೆಂದು ಉಳಿಯಿತು.

ಬಯಲಿಗೂ ಕಾಫಿಗೂ ಇನ್ನೊಂದು ನಂಟಿದೆ, ಲೋಟ ತಟ್ಟೆಯದಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನಂಥ ಒಣಸೀಮೆಯವರು ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಕಾಫಿಸೀಮೆಗೆ ಗುಳೆ ಹೋಗುವುದುಂಟು. ಮಕ್ಕಳ ಶಾಲೆ ಅಷ್ಟು ದಿನ ತಪ್ಪುತ್ತದೆ. ತೋಟದ ಲೈನ್ ಮನೆಯಲ್ಲಿ ವಾಸ, ಬೆಳಗಿನ ಚಳಿಯಲ್ಲಿ ಹಣ್ಣು ಬಿಡಿಸುವ ಕೆಲಸ, ಸಂಜೆ ತಕ್ಕಡಿಯ ಮುಂದೆ ಸಾಲು. ಕೊಯ್ಲು ಮುಗಿದ ಮೇಲೆ ಊರಿಗೆ ವಾಪಸು. ಆ ಕಡೆಯ ಬಸ್ ನಿಲ್ದಾಣಗಳ ಹೋಟೆಲುಗಳಲ್ಲಿ ಹೆಚ್ಚಾಗಿ ಕುದಿಯುವುದು ಚಹಾ.