ವಾಲುವ ನೊಗ: ಅನಿಲಗಳ ಬಂಧ ಮತ್ತು ಧ್ರುವೀಯತೆ



ಅನಿಲಗಳ ಮಾತಿಗೆ ಹುಣಸೂರಿಗಿಂತ ಒಳ್ಳೆಯ ಜಾಗ ಬೇಕೆ? ಆಗಸ್ಟ್ ಬಂತೆಂದರೆ ಇಲ್ಲಿಂದ ಪಿರಿಯಾಪಟ್ಟಣದವರೆಗೆ, ಅತ್ತ ಎಚ್.ಡಿ. ಕೋಟೆಯವರೆಗೆ ಬ್ಯಾರನ್ ಎಂಬ ಹದಮಾಡುವ ಮನೆಗಳಲ್ಲಿ ಹೊಗೆಸೊಪ್ಪು ಬೇಯುತ್ತದೆ. ಒಲೆಯ ಹೊಗೆ ಕಬ್ಬಿಣದ ಕೊಳವೆಯೊಳಗೇ ಸುತ್ತಿ ಚಿಮಣಿಯಿಂದ ಹೊರಬೀಳುತ್ತದೆ. ಕಡ್ಡಿಗೆ ಕಟ್ಟಿದ ಸೊಪ್ಪಿಗೆ ತಾಕುವುದು ಬಿಸಿ ಮಾತ್ರ. ಸೊಪ್ಪಿನ ನೀರು ಆವಿಯಾಗಿ ಮಾಡಿನ ಕಿಂಡಿಯಿಂದ ಹೋಗುತ್ತದೆ. ಬೆಳಗಿನ ಚಳಿಯಲ್ಲಿ ಆ ಕಿಂಡಿಯ ಮೇಲೆ ಬೆಳ್ಳನೆಯ ಮಬ್ಬು ಕಾಣುತ್ತದೆ. ಚಿಮಣಿಯಿಂದ ಹೋಗುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಹನಿಗಟ್ಟಿತು, ಇನ್ನೊಂದು ಚದುರಿಹೋಯಿತು. ಯಾಕೆ?

ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡರೆ ಬಂಧ ಏರ್ಪಡುತ್ತದೆ ಎಂದು 1916ರಲ್ಲಿ ಗಿಲ್ಬರ್ಟ್ ಲೂಯಿಸ್ ಹೇಳಿದರು. ನಮ್ಮ ಮಾತಿನಲ್ಲಿ ಒಂದು ನೊಗ, ಎರಡು ಎತ್ತು. ನೈಟ್ರೋಜನ್ ಅಣುವಿನದು ಸಮಜೋಡಿ, ನೊಗ ನೆಟ್ಟಗಿರುತ್ತದೆ. ಜೋಡಿ ಸಮವಲ್ಲದಿದ್ದರೆ ನೊಗ ಹೆಚ್ಚು ಬಲವುಳ್ಳ ಎತ್ತಿನತ್ತ ವಾಲುತ್ತದೆ. ಪರಮಾಣು ಎಲೆಕ್ಟ್ರಾನನ್ನು ಎಳೆಯುವ ಈ ಬಲವನ್ನು ಅಳೆಯಲು ಲೈನಸ್ ಪೌಲಿಂಗ್ 1932ರಲ್ಲಿ ಮಾಪಕ ಕೊಟ್ಟರು. ಅದರ ಪ್ರಕಾರ ಹೈಡ್ರೋಜನ್ 2.2, ಇಂಗಾಲ 2.55, ಆಕ್ಸಿಜನ್ 3.44.

ನೊಗ ವಾಲಿದ ಮಾತ್ರಕ್ಕೆ ಅಣು ಧ್ರುವೀಯವಾಗದು, ಅಂದರೆ ಅದಕ್ಕೆ ಒಂದು ಧನ ತುದಿ, ಒಂದು ಋಣ ತುದಿ ಬರದು. ಕಾರ್ಬನ್ ಡೈಆಕ್ಸೈಡಿನಲ್ಲಿ ಇಂಗಾಲದ ಎರಡೂ ಬದಿಗೆ ಆಕ್ಸಿಜನ್, ಮೂರೂ ಒಂದೇ ಗೆರೆಯಲ್ಲಿ. ಎಡಕ್ಕೆ ಎಳೆದಷ್ಟೇ ಬಲಕ್ಕೂ ಎಳೆತ; ಒಟ್ಟು ಸೊನ್ನೆ. ನೀರಿನ ಅಣು ಹಾಗಲ್ಲ, 104.5 ಡಿಗ್ರಿಗೆ ಬಾಗಿದೆ. ಎರಡು ಎಳೆತಗಳೂ ಒಂದೇ ಕಡೆಗೆ ಕೂಡಿ, ಧ್ರುವೀಯತೆಯ ಮಾನವಾದ ಡಿಬೈಯಲ್ಲಿ 1.85 ಆಗುತ್ತದೆ. ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಯನ್ನು ಹಿಡಿಯುತ್ತದೆ. ಕಿಂಡಿಯ ಮೇಲಿನ ಮಬ್ಬು ಈ ಕೈಹಿಡಿತದ ಫಲ.

ಕೆ.ಆರ್. ನಗರದ ಭತ್ತದ ಗದ್ದೆಗೆ ಬನ್ನಿ. ಎರಚಿದ ಯೂರಿಯಾ ಒಡೆದು ಅಮೋನಿಯ ಹುಟ್ಟುತ್ತದೆ. ಇದರ ಮೂರು ಹೈಡ್ರೋಜನ್‌ಗಳೂ ಒಂದೇ ಬದಿಗೆ, ಮುಕ್ಕಾಲಿಯ ಕಾಲುಗಳ ಹಾಗೆ. ಧ್ರುವೀಯತೆ 1.47 ಡಿಬೈ. ಹಾಗಾಗಿ ನೀರು ಅದನ್ನು ಆಸೆಯಿಂದ ಹೀರುತ್ತದೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿದ್ದರೂ ನೈಟ್ರೋಜನ್ ಮಾತ್ರ ನೀರಿಗೆ ಅಷ್ಟಾಗಿ ಸೇರದು, ಪೈರಿಗೂ ನೇರವಾಗಿ ದಕ್ಕದು. ಅದರ ಮೂರೆಳೆಯ ಬಂಧ ಬಿಡಿಸಲು ಮೋಲಿಗೆ 945 ಕಿಲೋಜೂಲ್ ಬೇಕು.

ಇನ್ನು ಕಾರ್ಬನ್ ಮೊನಾಕ್ಸೈಡ್. ಸೌದೆ ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ ಅನಿಲ. ಇಂಗಾಲಕ್ಕೂ ಆಕ್ಸಿಜನ್‌ಗೂ ಅಷ್ಟು ಅಂತರವಿರುವಾಗ ನೊಗ ಜೋರಾಗಿ ವಾಲಬೇಕಿತ್ತು. ಆದರೆ ಅಳತೆ ಬರಿಯ 0.11 ಡಿಬೈ, ಅದೂ ಋಣ ತುದಿ ಇಂಗಾಲದ ಕಡೆಗೆ! ಇಲ್ಲಿ ಮೂರೆಳೆಯ ಬಂಧಕ್ಕೆ ಆಕ್ಸಿಜನ್ ತನ್ನ ಪಾಲಿಗಿಂತ ಹೆಚ್ಚು ಎಲೆಕ್ಟ್ರಾನು ಕೊಡುತ್ತದೆ; ಅದರ ಸೆಳೆತವನ್ನು ಈ ಕೊಡುಗೆಯೇ ಸರಿದೂಗಿಸುತ್ತದೆ. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಕಾರ್ಬನ್ ಮೊನಾಕ್ಸೈಡ್ ಮೈನಸ್ 191.5ರಲ್ಲಿ. ಸ್ವಭಾವದಲ್ಲಿ ಹೆಚ್ಚುಕಡಿಮೆ ಅವಳಿ.

ಹಾಗಾಗಿ ಅದು ಮಬ್ಬು ಕಟ್ಟದು, ನೀರಿಗೆ ಸೇರದು, ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಇಂಗಾಲದ ತುದಿಯ ಎಲೆಕ್ಟ್ರಾನ್ ಜೋಡಿ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ಮಿತ್ರರೆ, ಕಿಂಡಿಯ ಬಿಳಿ ಮಬ್ಬಿಗೆ ಹೆದರಬೇಡಿ, ಅದು ಬರಿ ನೀರು. ಕೊಳವೆಯ ಸಂದಿಯಲ್ಲಿ ಸೋರುವ ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ. ಸಂದಿ ಭದ್ರಮಾಡಿ, ಬ್ಯಾರನ್ ಬಾಗಿಲು ತೆರೆದು, ಗಾಳಿಯಾಡಿದ ಮೇಲೆ ಒಳಗೆ ಕಾಲಿಡಿ.